ವಿಧಾನಸಭಾ ಚುನಾವಣೆ: ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ಕ್ಷೇತ್ರಗಳಲ್ಲಿ ನಾಮಪತ್ರ ಸಲ್ಲಿಕೆ

ಮೇಲ್ಕಂಡ ಕ್ಷೇತ್ರಗಳಿಂದ ಸ್ಪರ್ಧಿಸಲಿಚ್ಛಿಸುವವರು ಅಧಿಸೂಚಿತ ದಿನಗಳಂದು ಬೆಳಿಗ್ಗೆ 11ರಿಂದ ಮಧ್ಯಾಹ್ನ 3 ಗಂಟೆಯೊಳಗೆ ನಮೂನೆ 2ಬಿಯಲ್ಲಿ ನಾಮಪತ್ರವನ್ನು ಚುನಾವಣಾಧಿಕಾರಿಗೆ ಖುದ್ದಾಗಿ ಅಥವಾ ಸೂಚಕರ ಮೂಲಕ ಸಲ್ಲಿಸತಕ್ಕದ್ದು. ಅಂಚೆಯಲ್ಲಿ ಬಂದವುಗಳನ್ನು ಸ್ವೀಕರಿಸಲಾಗುವುದಿಲ್ಲ.

ಅಭ್ಯರ್ಥಿಗೆ 25 ವರ್ಷ ತುಂಬಿರಬೇಕು. ಅವರು ರಾಜ್ಯದ ಯಾವುದೇ ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ಸೂಚಕರ ವಿಷಯ ಹಾಗಲ್ಲ. ಮದ್ದೂರಿನ ನಾಮಪತ್ರಕ್ಕೆ ಮಂಡ್ಯ ಕ್ಷೇತ್ರದ ಮತದಾರರು ಸೂಚಕರಾಗಲು ಬರುವುದಿಲ್ಲ. ತಾಲ್ಲೂಕಿನ ಗಡಿಯೂ ಕ್ಷೇತ್ರದ ಗಡಿಯೂ ಎಲ್ಲೆಡೆ ಒಂದೇ ಆಗಿರುವುದಿಲ್ಲವಾದ್ದರಿಂದ, ಸಹಿ ಪಡೆಯುವ ಮುನ್ನವೇ ಪ್ರತಿಯೊಬ್ಬ ಸೂಚಕರ ಹೆಸರು, ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆಯನ್ನು ಮತದಾರರ ಪಟ್ಟಿಯಲ್ಲಿ ನೋಡಿಕೊಳ್ಳುವುದು ಒಳಿತು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೆ ಹತ್ತು ಮಂದಿ ಬೇಕು.

ಠೇವಣಿ ರೂ. 10,000, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಎಲ್ಲ ಕ್ಷೇತ್ರಗಳಲ್ಲಿಯೂ ರೂ. 5,000. ಮಳವಳ್ಳಿಯು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರವಾಗಿರುವುದರಿಂದ ಅಲ್ಲಿ ಜಾತಿ ಪ್ರಮಾಣಪತ್ರವನ್ನು ಲಗತ್ತಿಸಬೇಕು.

ನಮೂನೆ 26ರ ಅಫಿಡವಿಟ್‌ನಲ್ಲಿ ಯಾವ ಕಲಮನ್ನೂ ಖಾಲಿ ಬಿಡಬಾರದು. ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದಾದರೂ ಬರೆಯಬೇಕು. ಚುನಾವಣಾಧಿಕಾರಿಯು ಸೂಚಿಸಿದ ನಂತರವೂ ಭರ್ತಿ ಮಾಡದಿದ್ದಲ್ಲಿ, ಸರ್ವೋಚ್ಚ ನ್ಯಾಯಾಲಯದ 2013ರ ತೀರ್ಪಿನಂತೆ ನಾಮಪತ್ರ ತಿರಸ್ಕೃತವಾಗುತ್ತದೆ.

ನಾಮಪತ್ರ ಸಲ್ಲಿಸಿದ ಕೂಡಲೇ ಪ್ರಮಾಣವಚನ ಸ್ವೀಕರಿಸುವುದು ಕ್ಷೇಮಕರ. ಪರಿಶೀಲನೆಯ ದಿನದಂದು ಸ್ವೀಕರಿಸಿದ ಪ್ರಮಾಣವು ಸಿಂಧುವಾಗುವುದಿಲ್ಲ.