ಸಂಬಳದ ಆಚೆಗಿನ ಸಂಬಳ

ಮದುವೆಯ ಮಾತುಕತೆ ನಡೆಯುವ ಮನೆಗಳಲ್ಲಿ ವರನು ಸರ್ಕಾರಿ ಚಾಕರಿಯಲ್ಲಿದ್ದಾನೆಂದು ತಿಳಿದೊಡನೆ ಕೇಳಿಬರುವ ಮೊದಲನೆಯ ಪ್ರಶ್ನೆ, "ಸಂಬಳವೆಷ್ಟು?" ಎಂಬುದು. ಎರಡನೆಯ ಪ್ರಶ್ನೆಯನ್ನು ಕೆಲವರು ತಗ್ಗಿದ ದನಿಯಲ್ಲಿ ಕೇಳುವುದುಂಟು. ಸಂಬಳಕ್ಕೆ ಪ್ರಾಸವಾಗಿ ನಮ್ಮ ಜನ ಕಟ್ಟಿಕೊಂಡಿರುವ ಆ ಇನ್ನೊಂದು ಪದವನ್ನು ಇಲ್ಲಿ ಉಚ್ಚರಿಸದಿರುವುದೇ ಲೇಸು. ಕೇಳಬೇಕಾದ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರನ್ನು ನಾವು ಬಹು ವಿರಳವಾಗಿ ಕಂಡಿದ್ದೇವೆ. ಈತನು ದುಡಿಯಲಾರದ ದಿನ, ಅಥವಾ ಈತನೇ ಇಲ್ಲದ ದಿನ, ಮನೆಗೆ ಬರುವುದೇನು? ಸರ್ಕಾರಿ ಕೆಲಸದ ನಿಜವಾದ ಬೆಲೆ ಈ ಪ್ರಶ್ನೆಗೆ ದೊರೆಯುವ ಉತ್ತರದಲ್ಲಿದೆ. ನಮ್ಮ ಕಾಲೇಜಿನಿಂದ ಪದವಿ ಪಡೆದು ಹೊರಡುವ ತರುಣರು ಕೂಡ ವೇತನಶ್ರೇಣಿಯನ್ನು ಬಾಯಿಪಾಠವಾಗಿ ಹೇಳುವರು. ಆ ಶ್ರೇಣಿಯ ಬೆನ್ನಿಗಿರುವುದೇನೆಂದರೆ ತಬ್ಬಿಬ್ಬಾಗುವರು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಇಲಾಖೆಯನ್ನು ಉದಾಹರಣೆಗೆ ತೆಗೆದುಕೊಳ್ಳುವೆವು. ಅದು ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ಕಂದಾಯ, ಪೊಲೀಸ್ ಇಲಾಖೆಗಳಂತೆ ಇದರ ಹೆಸರು ಪತ್ರಿಕೆಗಳಲ್ಲಿ ದಿನವೂ ಮೊಳಗುವುದಿಲ್ಲ. ಆರ್ಥಿಕ ಇಲಾಖೆಯ ಅಧೀನದಲ್ಲಿ, ಜಿಲ್ಲಾ ಕಚೇರಿಗಳ ಮೂಲಕ, ಸದ್ದಿಲ್ಲದೆ ಕೆಲಸ ಮಾಡುವ ಸಂಸ್ಥೆ ಇದು. ರಾಜ್ಯದ ನೌಕರರ ಜೀವವಿಮೆ ಇದರ ಮುಖ್ಯ ಕಾರ್ಯ. ಸರ್ಕಾರದ ವಾಹನಗಳ ವಿಮೆಯೂ ಇದರ ಪಾಲಿನದೇ. ಇಲ್ಲಿನ ಗುಮಾಸ್ತರೂ ಅಧಿಕಾರಿಗಳೂ ತಾವೇ ಸರ್ಕಾರಿ ನೌಕರರಾದುದರಿಂದ, ಅನ್ಯರ ಮನೆಯ ಭದ್ರತೆಯನ್ನು ಲೆಕ್ಕ ಹಾಕುವ ಕೈಯೇ ತನ್ನ ಮನೆಯ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ.

ಈ ಏರ್ಪಾಡು ನಿನ್ನೆ ಮೊನ್ನೆಯದಲ್ಲ. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಹಿಂದಿರುಗಿತಷ್ಟೆ. ಅದಾದ ಹತ್ತು ವರ್ಷಗಳಿಗೆ, ಚಾಮರಾಜೇಂದ್ರ ಒಡೆಯರವರು ಆಳುತ್ತಿದ್ದು ಶೇಷಾದ್ರಿ ಅಯ್ಯರ್‌ರವರು ದಿವಾನಗಿರಿಯಲ್ಲಿದ್ದಾಗ, ಒಂದೇ ವರ್ಷದಲ್ಲಿ ಎರಡು ಕೆಲಸಗಳು ನಡೆದವು. ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಆರಂಭವಾದುದು 1891ರಲ್ಲಿ. ಸಂಸ್ಥಾನದ ನೌಕರರಿಗೆ ಸರ್ಕಾರವೇ ನಡೆಸುವ ಜೀವವಿಮೆ ಆರಂಭವಾದುದೂ 1891ರಲ್ಲಿ. ಚಾಕರಿಯ ಹೆಬ್ಬಾಗಿಲನ್ನೂ ಹಿತ್ತಿಲ ಬಾಗಿಲನ್ನೂ ಒಂದೇ ವರ್ಷ ಕಟ್ಟಿದಂತಾಯಿತು. ಪರೀಕ್ಷೆಯ ವಿಚಾರವನ್ನು ಚರಿತ್ರಕಾರರು ವಿಸ್ತಾರವಾಗಿ ಬರೆದಿದ್ದಾರೆ. ವಿಮೆಯ ವಿಚಾರವು ಅಷ್ಟೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ.

ಏಕೆಂದರೆ ಆಗಿನ ಪೆನ್ಷನ್ ಎಂಬುದು ಸಾಮಾನ್ಯವಾಗಿ ನೌಕರನ ಉಸಿರಿರುವ ತನಕ ಮಾತ್ರ. ಈಗ ನಾವು ಕುಟುಂಬ ಪಿಂಚಣಿ ಎನ್ನುವುದು ಸಾಮಾನ್ಯ ಹಕ್ಕಾಗಿ ಬಂದುದು ಎಷ್ಟೋ ದಶಕಗಳ ಅನಂತರ. ತಾಲ್ಲೂಕಿನಿಂದ ತಾಲ್ಲೂಕಿಗೆ ವರ್ಗವಾಗುತ್ತ, ಹುಟ್ಟೂರಿನ ಮನೆ ಗದ್ದೆಗಳಿಂದ ದೂರವಾದ ಒಬ್ಬ ಶಿರಸ್ತೇದಾರನು ನಲವತ್ತನೆಯ ವಯಸ್ಸಿನಲ್ಲಿ ಕಾಲರಾದಿಂದ ತೀರಿಕೊಂಡನೆಂದು ಭಾವಿಸೋಣ. ಮರುತಿಂಗಳು ಸಂಬಳವಿಲ್ಲ, ಪೆನ್ಷನ್ನಿನ ಮಾತೇ ಇಲ್ಲ, ಹೆಂಡತಿ ಮಕ್ಕಳು ತವರಿನವರ ಅಥವಾ ಮೈದುನರ ಮುಖ ನೋಡಬೇಕು. ಖಾಸಗಿ ವಿಮೆ ಮಾಡಿಸೋಣವೆಂದರೆ, ಯುರೋಪಿನ ಕಂಪೆನಿಗಳು ಭಾರತೀಯರ ಜೀವಕ್ಕೆ ಹೆಚ್ಚಿನ ಕಂತು ವಿಧಿಸುತ್ತಿದ್ದ ಕಾಲವದು. ದೇಶೀಯ ಕಂಪೆನಿಗಳು ಇನ್ನೂ ಎಳೆಯವು. ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯು ತನ್ನ ನೌಕರರಿಗಾಗಿ 1884ರಲ್ಲಿ ವಿಮೆಯನ್ನು ತೆರೆದಿದ್ದಿತು. ಮೈಸೂರು ಅದೇ ಹಾದಿಯಲ್ಲಿ ನಡೆಯಿತು.

ಇಂದು ಈ ವಿಮೆ ನೌಕರರಿಗೆ ಕಡ್ಡಾಯ. ಕಡ್ಡಾಯವೆಂಬ ಮಾತನ್ನು ಕೇಳಿದೊಡನೆ ನಮ್ಮ ತರುಣರು ಹುಬ್ಬು ಗಂಟಿಕ್ಕುವರು. "ನಮ್ಮ ಸಂಬಳ, ನಮ್ಮ ಇಷ್ಟ, ಸರ್ಕಾರ ಹಿಡಿದಿಟ್ಟುಕೊಳ್ಳುವುದೇಕೆ?" ಎಂಬುದು ಅವರ ತಕರಾರು. ಇದಕ್ಕೆ ಉತ್ತರವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಸಾವಿರ ಮಂದಿ ನೌಕರರಿರುವರೆನ್ನಿ. ವರ್ಷದಲ್ಲಿ ಹತ್ತು ಮಂದಿ ತೀರಿಕೊಳ್ಳುವರು. ಒಂದೊಂದು ಕುಟುಂಬಕ್ಕೆ ಸಾವಿರ ರೂಪಾಯಿ ಕೊಡಬೇಕು. ಬೇಕಾದುದು ಹತ್ತು ಸಾವಿರ. ತಲೆಗೆ ಹತ್ತು ರೂಪಾಯಿ. ಇನ್ನು, ಇಷ್ಟವಿದ್ದವರು ಮಾತ್ರ ಸೇರಬಹುದೆಂದರೆ ಏನಾಗುವುದು? ಗಟ್ಟಿಮುಟ್ಟಾದವನು ನನಗೇಕೆಂದು ಹೊರಗುಳಿಯುವನು. ಕೆಮ್ಮು ದಮ್ಮಿನವನು ಓಡಿಬರುವನು. ಮುನ್ನೂರು ಮಂದಿ ಸೇರಿ, ಅವರಲ್ಲೇ ಒಂಬತ್ತು ಮಂದಿ ತೀರಿಕೊಂಡರೆ ತಲೆಗೆ ಮೂವತ್ತು ರೂಪಾಯಿ ಬೀಳುವುದು. ಮೂವತ್ತೆಂದು ಕೇಳಿದೊಡನೆ ಉಳಿದ ಆರೋಗ್ಯವಂತರಲ್ಲಿ ಅರ್ಧ ಮಂದಿ ಜಾಗ ಖಾಲಿಮಾಡುವರು. ಕಂತು ಮತ್ತೂ ಏರುವುದು. ಎಲ್ಲರನ್ನೂ ಒಳಗೆ ತಂದುದರಿಂದಲೇ ಎಲ್ಲರಿಗೂ ಅಗ್ಗವಾಯಿತು. ಅದರ ಮೇಲೆ, ಕಂತು ಸಂಬಳದ ಬಿಲ್ಲಿನಲ್ಲೇ ಕಟಾವಾಗುವುದರಿಂದ ಮನೆಮನೆಗೆ ಅಲೆಯುವ ಏಜೆಂಟರೂ ಇಲ್ಲ, ಅವರ ಕಮಿಷನ್ನೂ ಇಲ್ಲ.

ಎಷ್ಟು ಕಟಾವು? ವೇತನಶ್ರೇಣಿಯ ಸರಾಸರಿಯ ಮೇಲೆ ಕನಿಷ್ಠ ನೂರಕ್ಕೆ 6.25. ಹಳೆಯ ನಾಣ್ಯದ ಲೆಕ್ಕ ಬಲ್ಲ ಹಿರಿಯರಿಗೆ ಇದು ಒಡನೆಯೇ ಹೊಳೆಯುವುದು: ರೂಪಾಯಿಗೆ ಒಂದಾಣೆ! ಬಡ್ತಿ ಬಂದು ಶ್ರೇಣಿ ಏರಿದಂತೆ ಹೆಚ್ಚಿನ ಕಂತಿಗೆ ಹೊಸ ಪಾಲಿಸಿ ಮಾಡಿಸಬೇಕು; ಆದುದರಿಂದ ದೀರ್ಘಕಾಲ ಸೇವೆ ಮಾಡಿದವರಲ್ಲಿ ಎರಡು ಮೂರು ಪಾಲಿಸಿಗಳಿರುವುದು ಸಾಮಾನ್ಯ. ನೌಕರನು ಅವಧಿ ಮುಗಿಯುವವರೆಗೆ ಬದುಕಿದ್ದರೆ ವಿಮಾ ಮೊಬಲಗು ಬೋನಸ್ಸಿನೊಡನೆ ಅವನ ಕೈಗೇ ಬರುವುದು. ನಡುವೆ ತೀರಿಕೊಂಡರೆ ಕುಟುಂಬಕ್ಕೆ. ಪಾಲಿಸಿಯ ಮೇಲೆ ಸಾಲವೂ ದೊರೆಯುವುದು. ಈ ಸಾಲದ ಸೌಕರ್ಯವನ್ನು ನಾವು ಅಷ್ಟಾಗಿ ಹೊಗಳಲಾರೆವು. ಮಗಳ ಮದುವೆಯ ಚಪ್ಪರಕ್ಕೆ ಹೋದ ಹಣವು ವಿಧವೆಯ ಅಕ್ಕಿಗೆ ಹಿಂದಿರುಗಿ ಬರುವುದಿಲ್ಲ. 1956ರಲ್ಲಿ ದೇಶದ ಜೀವವಿಮೆ ರಾಷ್ಟ್ರೀಕರಣವಾದಾಗಲೂ ನೌಕರರ ಈ ಶಾಖೆ ಸರ್ಕಾರದ ಕೈಯಲ್ಲೇ ಉಳಿದುಬಂದಿತು.

ಇಂತಹ ಇಲಾಖೆಯಲ್ಲಿ ಒಬ್ಬ ಪದವೀಧರನ ದಾರಿ ಯಾವುದು? ಸಾಮಾನ್ಯವಾಗಿ ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕ ದ್ವಿತೀಯ ದರ್ಜೆ ಅಥವಾ ಪ್ರಥಮ ದರ್ಜೆ ಸಹಾಯಕನಾಗಿ ಪ್ರವೇಶ, ಕನಿಷ್ಠ ಎರಡು ವರ್ಷ ಪ್ರೊಬೇಷನ್, ಇಲಾಖಾ ಪರೀಕ್ಷೆಗಳು, ಆಮೇಲೆ ಜ್ಯೇಷ್ಠತೆಯ ಪಟ್ಟಿಯಲ್ಲಿ ತನ್ನ ಸರದಿ ಕಾಯುತ್ತ ಅಧೀಕ್ಷಕನಾಗಿ, ಅದೃಷ್ಟವಿದ್ದರೆ ಅದರಾಚೆಗೆ. ಏಣಿ ನಿಧಾನವಾದುದು, ನಿಜ. ಈ ಏಣಿಯ ಬುಡಕ್ಕೆ ಬರಲು ಎಲ್ಲರಿಗೂ ಅವಕಾಶವಿದ್ದಿತೇ ಎಂಬ ಪ್ರಶ್ನೆಯೂ ಮೈಸೂರಿನಲ್ಲಿ ಬೇಗನೆ ಎದ್ದಿತು. 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್‌ರವರ ಸಮಿತಿ ನೇಮಕವಾಗಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದ ಪಂಗಡಗಳಿಗೆ ಸಲ್ಲಬೇಕೆಂದು ಸಲಹೆ ಮಾಡಿತು. ವಿಮೆಯ ಆಶ್ರಯವು ಚಾಕರಿಯೊಳಗೆ ಬಂದವನಿಗೆ ಮಾತ್ರವಾದುದರಿಂದ, ಬಾಗಿಲು ಅಗಲವಾದಂತೆಲ್ಲ ಆಶ್ರಯವೂ ಹೊಸ ಮನೆಗಳಿಗೆ ಮುಟ್ಟಿತು.

ರಜೆಗಳ ವಿಷಯವನ್ನು ನೌಕರರಿಗೆ ಯಾರೂ ಕಲಿಸಬೇಕಾಗಿಲ್ಲ. ವರ್ಷಕ್ಕೆ ಮೂವತ್ತು ದಿನದ ಗಳಿಕೆ ರಜೆ, ತಾಯ್ತನಕ್ಕೆ 180 ದಿನ. ಇವುಗಳನ್ನು ನಮಗಿಂತ ಚೆನ್ನಾಗಿ ಅವರೇ ಬಲ್ಲರು. ನಿವೃತ್ತಿಯ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತೆಂಬುದನ್ನು ಮಾತ್ರ ನೆನಪಿಡತಕ್ಕದ್ದು.

ಪೆನ್ಷನ್ನಿನ ವಿಚಾರದಲ್ಲಿ ನಿಲ್ಲಲೇಬೇಕು. ಅದು ಒಡೆಯನು ಮನಸ್ಸಂತೋಷದಿಂದ ಕೊಡುವ ಇನಾಮೆಂಬ ಭಾವನೆ ಬಹುಕಾಲ ನಡೆದುಬಂದಿತು. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ನಕಾರಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ಭಾವನೆಯನ್ನು ತಳ್ಳಿಹಾಕಿತು: ಅದು ದಯೆಯಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲುವ ಪ್ರತಿಫಲ. ಆ ದಿನವನ್ನು ನಿವೃತ್ತರು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ. ಆದರೆ ಹಕ್ಕು ಸ್ಥಿರವಾಯಿತೆಂದು ನೆಮ್ಮದಿಪಡುವಷ್ಟರಲ್ಲಿ ಅದರ ಸ್ವರೂಪವೇ ಬದಲಾಯಿತು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹೊಸ ಪದ್ಧತಿ ಬಂದಿತು. ಹಳಬನಿಗೆ ಕಡೆಯ ಸಂಬಳವನ್ನು ನೋಡಿ ಪೆನ್ಷನ್ ಗೊತ್ತಾಗುತ್ತಿದ್ದಿತು. ಹೊಸಬನು ಮೂಲವೇತನ ಮತ್ತು ತುಟ್ಟಿಭತ್ಯದ ನೂರಕ್ಕೆ ಹತ್ತನ್ನು ತಾನು ಕಟ್ಟುವನು. ಸರ್ಕಾರ ಮೊದಲು ಅಷ್ಟನ್ನೇ ಕಟ್ಟುತ್ತಿದ್ದು, 2019ರಿಂದ ಹದಿನಾಲ್ಕಕ್ಕೆ ಏರಿಸಿತು. ಆ ಹಣ ಪೇಟೆಯಲ್ಲಿ ಬೆಳೆಯುವುದು, ಅಥವಾ ಸೊರಗುವುದು. ನಿವೃತ್ತಿಯಾದಾಗ ಕೂಡಿದ ಗಂಟಿನಲ್ಲಿ ನೂರಕ್ಕೆ ನಲವತ್ತನ್ನಾದರೂ ವರ್ಷಾಶನಕ್ಕೆ ತೊಡಗಿಸಬೇಕು. ಕೈಗೆ ತಿಂಗಳಿಗೆಷ್ಟು ಬರುವುದೆಂದು ಸೇರುವ ದಿನ ಯಾರೂ ಹೇಳಲಾರರು. ಒಂದೇ ಕೊಠಡಿಯಲ್ಲಿ, ಅಕ್ಕಪಕ್ಕದ ಮೇಜಿನಲ್ಲಿ, 2005ರಲ್ಲಿ ಸೇರಿದವನೂ 2007ರಲ್ಲಿ ಸೇರಿದವನೂ ಒಂದೇ ಕಡತವನ್ನು ಬರೆಯುತ್ತಾರೆ. ಅವರ ಮುಪ್ಪು ಮಾತ್ರ ಒಂದೇ ಆಗಿರುವುದಿಲ್ಲ. ನೌಕರರ ಅಸಮಾಧಾನವನ್ನು ನಾವು ಅಕಾರಣವೆನ್ನಲಾರೆವು. ಈ ಹೊಸಬರ ಮನೆಗಳಲ್ಲಿ ಆ ಹಳೆಯ ಒಂದಾಣೆಯ ವಿಮೆಗೆ ಹೊಸ ಬೆಲೆ ಬಂದಿದೆ: ಪೇಟೆ ಏರಲಿ ಇಳಿಯಲಿ, ಪಾಲಿಸಿಯಲ್ಲಿ ಬರೆದ ಮೊಬಲಗು ಬರೆದಂತೆಯೇ ಇರುವುದು.

ಆದರೂ ಬರೆದ ಮೊಬಲಗು ಮನೆಯನ್ನು ತಲಪಬೇಕಲ್ಲ? ನಮ್ಮ ಪರಿಚಿತರಾದ ಗುಮಾಸ್ತರೊಬ್ಬರು ನಲವತ್ತಾರನೆಯ ವಯಸ್ಸಿನಲ್ಲಿ ಹೃದಯ ನಿಂತು ತೀರಿಕೊಂಡರು. ಕರ್ಮಾಂತರಗಳು ಮುಗಿದ ಮೇಲೆ ಅವರ ಪತ್ನಿ ಒಂದು ತಗಡಿನ ಪೆಟ್ಟಿಗೆಯನ್ನು ನಮ್ಮ ಮುಂದೆ ತಂದಿಟ್ಟರು. ಅದರಲ್ಲಿ ಎರಡು ಪಾಲಿಸಿಗಳಿದ್ದವು. ಮೂರನೆಯದೊಂದುಂಟೆಂಬುದು ಸಂಬಳದ ಚೀಟಿಯ ಕಟಾವಿನಿಂದ ತಿಳಿಯಿತು. ಮೊದಲನೆಯ ಪಾಲಿಸಿ ಮದುವೆಗೆ ಮುಂಚಿನದು. ಅದರಲ್ಲಿ ನಾಮನಿರ್ದೇಶನವಾಗಿದ್ದುದು ತಾಯಿಯ ಹೆಸರು. ತಾಯಿ ಗತಿಸಿ ಆರು ವರ್ಷವಾಗಿದ್ದಿತು. ಗಂಡನಿಗೆ ಸಂಬಳವೆಷ್ಟೆಂಬುದನ್ನು ಆ ಗೃಹಿಣಿ ರೂಪಾಯಿವರೆಗೆ ಬಲ್ಲವರಾಗಿದ್ದರು. ಈ ಹೆಸರಿನ ಸಂಗತಿಯನ್ನು ಅರಿತಿರಲಿಲ್ಲ. ಎರಡು ಪಾಲಿಸಿಗಳ ಹಣ ತಡವಿಲ್ಲದೆ ಬಂದಿತು. ಮೊದಲನೆಯದಕ್ಕಾಗಿ ವಾರಸುದಾರಿಕೆಯ ಪ್ರಮಾಣಪತ್ರ ತರಲು ನ್ಯಾಯಾಲಯಕ್ಕೆ ಅಲೆದು, ಗಂಡನ ತಮ್ಮಂದಿರ ಒಪ್ಪಿಗೆ ಬೇಡಿ, ಒಂದು ವರ್ಷಕ್ಕೂ ಮೇಲೆ ಕಳೆಯಿತು. ಮೈದುನರಲ್ಲಿ ಒಬ್ಬನು ಸಹಿ ಹಾಕಲು ತನ್ನ ಪಾಲು ಕೇಳಿದನು.

ಸೇವಾ ಪುಸ್ತಕ ಎಂಬುದೊಂದು ಪ್ರತಿಯೊಬ್ಬ ನೌಕರನಿಗೂ ಕಚೇರಿಯಲ್ಲಿರುವುದು. ಜನ್ಮದಿನಾಂಕ, ಬಡ್ತಿ, ರಜೆ, ಪಾಲಿಸಿಯ ಸಂಖ್ಯೆಗಳು, ನಾಮನಿರ್ದೇಶನ ಎಲ್ಲವನ್ನೂ ಅದರಲ್ಲಿ ದಾಖಲು ಮಾಡತಕ್ಕದ್ದು. ಅದನ್ನು ನೋಡಲು ನೌಕರನಿಗೆ ಅಧಿಕಾರವುಂಟು. ಮೇಲಿನ ಸಂಗತಿ ನಡೆದ ವಾರವೇ ಅಧ್ಯಾಪಕರ ಕೊಠಡಿಯಲ್ಲಿ ನಾವೆಲ್ಲರೂ ನಮ್ಮ ನಮ್ಮ ಪುಸ್ತಕಗಳನ್ನು ತರಿಸಿ ನೋಡಿದೆವು. ಹನ್ನೊಂದು ಮಂದಿಯಲ್ಲಿ ನಾಲ್ವರ ನಾಮನಿರ್ದೇಶನ ಮದುವೆಗೆ ಮುಂಚಿನದಾಗಿದ್ದಿತು. ಆ ನಾಲ್ವರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರೂ ಒಬ್ಬರು.