ಎದೆಯ ಕಾಲುವೆಗೆ ಹೂಳು ತುಂಬಿದಾಗ



ಉಪಕಾಲುವೆಗೆ ಹೂಳು ತುಂಬಿದರೆ ತುಂಗಭದ್ರೆ ತುಂಬಿ ಹರಿದರೂ ಕೊನೆಯ ಗದ್ದೆ ಒಣಗುವುದೆಂದು ಸಿರುಗುಪ್ಪ, ಕುರುಗೋಡು ಕಡೆಯ ತಮಗೆ ಹೇಳಿಕೊಡಬೇಕಾಗಿಲ್ಲ. ಹೃದಯದ ಸಂಗತಿಯೂ ಹೀಗೆಯೇ. ಅದು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಮೈಗೆಲ್ಲ ನೂಕುತ್ತದೆ. ತನಗೆ ಬೇಕಾದ ರಕ್ತವನ್ನು ಮಾತ್ರ ತನ್ನ ಮೇಲೆ ಹರಡಿರುವ ಸಣ್ಣ ನಾಳಗಳಿಂದಲೇ ಪಡೆಯಬೇಕು. ಆ ನಾಳಗಳಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದರೆ ಮೂಟೆ ಹೊರುವಾಗ, ಬೇಗ ನಡೆಯುವಾಗ ಎದೆ ಹಿಂಡುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚಿದರೆ ಅದೇ ಹೃದಯಾಘಾತ.

ನಾನು ತಿರುಗಾಡುವ ಹಳ್ಳಿಯ ರೈತರೊಬ್ಬರು ಬಳ್ಳಾರಿಯ ಬ್ರೂಸ್‌ಪೇಟೆಗೆ ಸಾಮಾನು ತರಲು ಹೋಗಿದ್ದರು. ಎದೆ ಹಿಂಡಿತು, ಬೆವರು ಕಿತ್ತುಬಂತು. ವಾಯುವೆಂದು ಸೋಡಾ ಕುಡಿದು, ಅದೇ ಊರಿನ ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು, ಬಸ್ಸು ಹತ್ತಿ ಊರಿಗೆ ಬಂದರು! ಜೀವ ಉಳಿಯಿತು, ಹೃದಯದ ಒಂದು ಭಾಗ ಬಲಗುಂದಿತು. ಒಣಗಿಹೋದ ಪೈರಿಗೆ ಮರುದಿನ ನೀರು ಬಿಟ್ಟರೆ ಚಿಗುರೀತೇ? ಇಂಥ ನೋವು ಬಂದ ಕೂಡಲೇ 108ಕ್ಕೆ ಫೋನು ಮಾಡಿರಿ.

ಮುಚ್ಚಿದ ದಾರಿಗೆ ವೈದ್ಯರು ಎರಡು ಉಪಾಯ ಮಾಡುತ್ತಾರೆ. ಕೈಯ ಅಥವಾ ತೊಡೆಯ ನಾಳದಿಂದ ಸಣ್ಣ ಕೊಳವೆ ತೂರಿಸಿ, ಕಟ್ಟಿದ ಜಾಗದಲ್ಲಿ ಬಲೂನು ಉಬ್ಬಿಸಿ, ಸ್ಟೆಂಟ್ ಎಂಬ ಜಾಲರಿ ಕೂರಿಸುವುದು ಒಂದು. ಇದಕ್ಕೆ ಎದೆ ಕೊಯ್ಯುವುದಿಲ್ಲ.

ಹಲವು ಕಡೆ ಕಟ್ಟಿದ್ದರೆ ಸಾಮಾನ್ಯವಾಗಿ ಬೈಪಾಸ್ ಶಸ್ತ್ರಚಿಕಿತ್ಸೆ. ಇಲ್ಲಿ ಹೂಳೆತ್ತುವುದಿಲ್ಲ, ಕಟ್ಟಿದ ಜಾಗವನ್ನು ಬಳಸಿ ಹೊಸ ಕಾಲುವೆ ಹಾಯಿಸುತ್ತಾರೆ. ಅದಕ್ಕೆ ಕಾಲಿನ ಅಥವಾ ಎದೆಗೋಡೆಯ ಒಳಗಿನ ರಕ್ತನಾಳವೇ ಸಾಕು. ಕಾಲಿನ ನಾಳ ತೆಗೆದರೆ ಕಾಲು ಸೋಲುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ, ಉಳಿದ ನಾಳಗಳು ಆ ಕೆಲಸ ವಹಿಸಿಕೊಳ್ಳುತ್ತವೆ. ಕಾಲಿನ ನಾಳದ ಈ ವಿಧಾನವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಾ. ಫವಲೋರೊ ಬಳಕೆಗೆ ತಂದರು. ನಮ್ಮ ದೇಶದಲ್ಲಿ 1975ರಲ್ಲಿ ಮದ್ರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಬೈಪಾಸ್ ಮಾಡಿದರು. ಇಂದು ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಸರಕಾರದ ಜಯದೇವ ಹೃದ್ರೋಗ ಸಂಸ್ಥೆ ಇದೆ.

ಖರ್ಚಿಗೆ ಹೊಲ ಮಾರಬೇಕೆಂದು ಮೊದಲೇ ಕೈಚೆಲ್ಲಬೇಡಿ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ನಡುವೆ ನಿಂತಿದ್ದು, 2023ರಿಂದ ಮತ್ತೆ ನಡೆಯಿತು. ಅದಕ್ಕೆ ಪ್ರತಿ ವರ್ಷ ಹೆಸರು ನೋಂದಾಯಿಸಬೇಕು. ನೋವು ಬಂದ ಮೇಲೆ ಸೊಸೈಟಿಗೆ ಓಡಿದರೆ ಆಗದು. ಬಿ.ಪಿ.ಎಲ್. ಕಾರ್ಡಿನವರು ಆಯುಷ್ಮಾನ್ ಆರೋಗ್ಯ ಕರ್ನಾಟಕದ ವಿಷಯವನ್ನು ಆಸ್ಪತ್ರೆಯಲ್ಲೇ ಕೇಳಿರಿ.

ಬೈಪಾಸಿನಲ್ಲಿ ಕೊಯ್ದ ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ವೈದ್ಯರು ಒಪ್ಪುವವರೆಗೆ ನೇಗಿಲು ಹಿಡಿಯಬಾರದು, ಮೂಟೆ ಎತ್ತಬಾರದು. ಮನೆಯವರು ಬೀಡಿಯ ಕಟ್ಟನ್ನೂ ಅಡಗಿಸಿಡಲಿ. ಹೊಸ ಕಾಲುವೆಗೂ ಹೂಳು ಬರುತ್ತದೆ.