ಕೈಬಿಟ್ಟು ನಡೆಸುವ ವಿದ್ಯೆ

ವಿದ್ಯಾಲಯವೊಂದರ ಹಿರಿಮೆಯನ್ನು ಅದರ ಕಟ್ಟಡಗಳಿಂದಾಗಲಿ, ತೇರ್ಗಡೆಯಾದವರ ಸಂಖ್ಯೆಯಿಂದಾಗಲಿ ಅಳೆಯಲಾಗದು. ಕಲಿಸಿದವರು ತೆರಳಿದ ಮೇಲೆ ಕಲಿತವರು ಹೊಣೆ ಹೊರಬಲ್ಲರೇ ಎಂಬುದೇ ಅದರ ಒರೆಗಲ್ಲು. ಕನ್ನಡನಾಡಿನ ಕ್ರೈಸ್ತ ಸಭೆಗಳು ನಾಯಕರನ್ನು ಬೆಳೆಸಿದ ಬಗೆಯನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬಹುದು.

1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಎರಡು ವರ್ಷಗಳ ತರುವಾಯ ಬಂದ ಹರ್ಮನ್ ಮೋಗ್ಲಿಂಗರು ದೇಶೀಯ ತರುಣರನ್ನು ಉಪದೇಶಿಗಳನ್ನಾಗಿ ಸಿದ್ಧಗೊಳಿಸುವ ಶಾಲೆಯನ್ನು ಕಟ್ಟಿ ಬೆಳೆಸಿದರು. 1844ರಲ್ಲಿ ಕ್ರೈಸ್ತರಾದ ಅವರ ಶಿಷ್ಯ ಆನಂದರಾವ್ ಕೌಂಡಿನ್ಯರು ಬಾಸೆಲ್ ನಗರಕ್ಕೇ ಹೋಗಿ ವ್ಯಾಸಂಗ ಮಾಡಿ, 1851ರಲ್ಲಿ ದೀಕ್ಷೆ ಪಡೆದು ಮರಳಿ, ಮಂಗಳೂರಿನಲ್ಲಿ ತಾವೇ ಬೋಧಕರಾದರು. ಶಿಷ್ಯನು ಗುರುವಿನ ಸಾಲಿನಲ್ಲಿ ನಿಂತುದು ಸಾಮಾನ್ಯ ಸಂಗತಿಯಲ್ಲ.

ಆದರೆ ಕೌಂಡಿನ್ಯರ ಭಾಗ್ಯ ಎಲ್ಲರದಾಗಲಿಲ್ಲ. ಶಾಲೆಯಿಂದ ಹೊರಬಂದ ಹೆಚ್ಚಿನವರು ಸಹಾಯಕರಾಗಿಯೇ ಉಳಿದರು. ಆಡಳಿತದ ಸೂತ್ರ ಬಹುಕಾಲ ಐರೋಪ್ಯರ ಕೈಯಲ್ಲಿಯೇ ಇತ್ತು. ವಿದ್ಯೆಯನ್ನು ಕೊಟ್ಟೂ ಅಧಿಕಾರವನ್ನು ಕೊಡದಿದ್ದರೆ ಒಳ್ಳೆಯ ಅನುಚರರು ಹುಟ್ಟಿಯಾರು, ನಾಯಕರು ಹುಟ್ಟಲಾರರು.

ಪರೀಕ್ಷೆಯ ಕಾಲ 1914ರಲ್ಲಿ ಬಂದಿತು. ಮಹಾಯುದ್ಧದ ನಿಮಿತ್ತ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾಗಿ, ಮುಂದೆ ದೇಶ ಬಿಡಬೇಕಾಯಿತು. ಅನ್ಯ ಮಿಷನ್ನುಗಳ ನೆರವು ದೊರೆತರೂ, ಊರೂರಿನ ಸಭೆಯ ನಿತ್ಯದ ಭಾರ ಕನ್ನಡದ ಪಾದ್ರಿಗಳ ಹೆಗಲೇರಿತು. ಆ ಪೀಳಿಗೆಯವರೇ ಉತ್ತಂಗಿ ಚನ್ನಪ್ಪನವರು. ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೈವಜ್ಞಾನವನ್ನು ಅಭ್ಯಸಿಸಿದ ಈ ಪಾದ್ರಿಗಳು ಸಭೆಯ ಸೇವೆಯೊಡನೆಯೇ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ, ಪರಿಷ್ಕರಿಸಿ, 1924ರಲ್ಲಿ ಪ್ರಕಟಿಸಿದರು; ಶರಣರ ವಚನಗಳ ವ್ಯಾಸಂಗದಲ್ಲಿ ಮುಳುಗಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಸಭೆಯೊಂದಕ್ಕಾಗಿ ತರಬೇತಾದವರು ನಾಡಿಗೇ ಹಿರಿಯರಾದರು. ತಮ್ಮ ಶ್ರದ್ಧೆಯನ್ನು ಅವರು ಬಿಡಲಿಲ್ಲ. ನೆರೆಯವರ ಶ್ರದ್ಧೆಯನ್ನು ಅರಿಯದೆಯೂ ಇರಲಿಲ್ಲ. ನಾಯಕತ್ವಕ್ಕೆ ಇದಕ್ಕಿಂತ ಹಿರಿಯ ಲಕ್ಷಣ ಬೇರೆ ಯಾವುದು?

1965ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಸ್ಥಾಪಿತವಾಗಿ ಆ ಪರಂಪರೆ ಮುಂದುವರಿಯಿತು. ಆದರೆ ನಾಯಕರನ್ನು ಬೆಳೆಸುವ ಕೆಲಸವನ್ನು ಕಾಲೇಜಿಗೊಂದಕ್ಕೇ ವಹಿಸಿ ಸಭೆಗಳು ಸುಮ್ಮನಿರುವಂತಿಲ್ಲ. ಭಾನುವಾರದ ಶಾಲೆಯನ್ನು, ಗಾಯನವೃಂದವನ್ನು, ಸಭೆಯ ಲೆಕ್ಕಪತ್ರವನ್ನು ತರುಣ ತರುಣಿಯರಿಗೆ ಒಪ್ಪಿಸಿ, ಅವರು ಎಡವಿದಾಗ ತಿದ್ದಿ, ಮತ್ತೆ ಅವರಿಗೇ ಒಪ್ಪಿಸುವ ತಾಳ್ಮೆ ಹಿರಿಯರಿಗೆ ಬೇಕು. ಯುದ್ಧವೊಂದು ಬಂದು ಹಿರಿಯರ ಕೈ ಬಿಡಿಸುವವರೆಗೆ ಕಾಯುವುದು ವಿವೇಕವಲ್ಲ. ಈ ಮಾತು ಸಭೆಗಳಿಗೆಷ್ಟೋ, ಪಾಠ ಹೇಳುವ ನಮ್ಮಂಥವರಿಗೂ ಅಷ್ಟೇ ಸಲ್ಲುತ್ತದೆ.